ಪುಡಿಯ ಬಣ್ಣ ಏನಿತ್ತು?

ನಮ್ಮ ರಸಾಯನಶಾಸ್ತ್ರ ವಿಭಾಗದಲ್ಲಿ ಪಿಎಚ್‌ಡಿ ವಿದ್ಯಾರ್ಥಿಗಳ ಸೆಮಿನಾರ್ ಶನಿವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ ಎಂದು ವೇಳಾಪಟ್ಟಿಯಲ್ಲಿದೆ. ಪ್ರೊಜೆಕ್ಟರಿಗೂ ಲ್ಯಾಪ್‌ಟಾಪಿಗೂ ಹೊಂದಾಣಿಕೆಯಾಗಿ ಪರದೆಯ ಮೇಲೆ ಚಿತ್ರ ಮೂಡುವ ಹೊತ್ತಿಗೆ ಹನ್ನೊಂದೂಕಾಲು ದಾಟಿರುತ್ತದೆ. ಆರು ವರ್ಷಗಳಿಂದ ಇದರ ಉಸ್ತುವಾರಿ ನನ್ನ ತಲೆಯ ಮೇಲಿದೆ. ಯಾರ ಸರದಿ ಯಾವಾಗ ಎಂದು ಪಟ್ಟಿ ಹಾಕುವುದು, ಹಾಜರಿ ಪುಸ್ತಕ ಕೊನೆಯ ಬೆಂಚಿನವರೆಗೂ ಹೋಗಿ ಮರಳಿ ಬಂದಿತೇ ಎಂದು ನೋಡುವುದು, ಚಹಾಕ್ಕೆ ಹೇಳುವುದು, ಮಾತು ಮುಗಿದ ಮೇಲೆ ಎದ್ದು ನಿಂತು ವಂದನೆ ಹೇಳುವುದು, ಇಷ್ಟೇ ಅದರ ಕೆಲಸ ಎಂದು ಮೊದಲ ಎರಡು ವರ್ಷ ನಾನೂ ತಿಳಿದುಕೊಂಡಿದ್ದೆ.

ಮೂರು ಶನಿವಾರಗಳ ಹಿಂದೆ ಮೂರನೆಯ ವರ್ಷದ ವಿದ್ಯಾರ್ಥಿಯೊಬ್ಬ ತನ್ನ ಕೆಲಸವನ್ನು ಮಂಡಿಸಿದ. ದಹನ ವಿಧಾನದಿಂದ ತಯಾರಿಸಿದ ಜಿಂಕ್ ಆಕ್ಸೈಡ್ ನ್ಯಾನೊಕಣಗಳನ್ನು ಮಿಥಿಲೀನ್ ಬ್ಲೂ ಎಂಬ ಬಣ್ಣದ ದ್ರಾವಣಕ್ಕೆ ಹಾಕಿ, ಅದರ ಮೇಲೆ ದೀಪದ ಬೆಳಕು ಬಿಟ್ಟು, 90 ನಿಮಿಷಗಳಲ್ಲಿ ಶೇಕಡ 94ರಷ್ಟು ಬಣ್ಣ ನಾಶವಾಯಿತು ಎಂಬುದು ಅವನ ಕೆಲಸದ ಸಾರ. ನಲವತ್ತೊಂದು ಸ್ಲೈಡುಗಳನ್ನು ಇಪ್ಪತ್ತೆರಡು ನಿಮಿಷಗಳಲ್ಲಿ ಓದಿ ಮುಗಿಸಿದ. ಪ್ರಶ್ನೆಗಳಿವೆಯೇ ಎಂದು ನಾನು ಕೇಳಿದೆ. ಫ್ಯಾನಿನ ಸದ್ದು ಕೇಳಿಸುವಷ್ಟು ಮೌನ. ಕೊನೆಗೆ ಸಹೋದ್ಯೋಗಿಯೊಬ್ಬರು ಸಭಾಮರ್ಯಾದೆಗೆಂಬಂತೆ ಬ್ಯಾಂಡ್ ಗ್ಯಾಪ್ (ಪುಡಿಯೊಳಗಿನ ಎಲೆಕ್ಟ್ರಾನನ್ನು ಎಬ್ಬಿಸಲು ಬೇಕಾದ ಕನಿಷ್ಠ ಶಕ್ತಿ) ಎಷ್ಟು ಎಂದು ಕೇಳಿದರು. ಅದು ಹನ್ನೆರಡನೆಯ ಸ್ಲೈಡಿನಲ್ಲೇ ಇತ್ತು. ಹುಡುಗ ಹಿಂದೆ ಹೋಗಿ ಅದನ್ನು ತೋರಿಸಿದ. ಚಪ್ಪಾಳೆ ತಟ್ಟಿ ಎಲ್ಲರೂ ಎದ್ದರು.

ಮೆಟ್ಟಿಲಿಳಿಯುವಾಗ ನನ್ನ ಮುಂದೆ ಆ ಹುಡುಗನೂ, ಈ ವರ್ಷವಷ್ಟೇ ಸೇರಿದ ಹುಡುಗಿಯೊಬ್ಬಳೂ ಹೋಗುತ್ತಿದ್ದರು. ಆಕೆ ಕನ್ನಡದಲ್ಲಿ, ತೀರ ಸಹಜವಾಗಿ, ಸಂತೆಯಲ್ಲಿ ಸೊಪ್ಪಿನ ಬೆಲೆ ವಿಚಾರಿಸುವ ಧಾಟಿಯಲ್ಲಿ ಕೇಳಿದಳು: "ಅಲ್ಲಾ ಅಣ್ಣಾ, ಸೆಂಟ್ರಿಫ್ಯೂಜ್ ಮಾಡಿದ ಮೇಲೆ ಕೆಳಗೆ ಕೂತಿರುತ್ತಲ್ಲ ಪುಡಿ, ಅದರ ಬಣ್ಣ ಏನಿತ್ತು?"

"ನೀಲಿ" ಎಂದ ಅವನು, ಯೋಚಿಸದೆ. ಎರಡು ಮೆಟ್ಟಿಲು ಇಳಿದು ನಿಂತುಬಿಟ್ಟ.

ರಸಾಯನಶಾಸ್ತ್ರ ಓದದವರಿಗಾಗಿ ಒಂದು ಮಾತು. ಮಿಥಿಲೀನ್ ಬ್ಲೂ ದ್ರಾವಣ 664 ನ್ಯಾನೊಮೀಟರ್ ತರಂಗಾಂತರದ ಸುತ್ತಮುತ್ತ ಬೆಳಕನ್ನು ಅತಿ ಹೆಚ್ಚು ಹೀರುತ್ತದೆ. ಹೊತ್ತು ಕಳೆದಂತೆ ಆ ಹೀರಿಕೆ ಎಷ್ಟು ಇಳಿಯಿತು ಎಂದು ಅಳೆದು, ಅಷ್ಟು ಬಣ್ಣ ಒಡೆದುಹೋಯಿತು ಎಂದು ಲೆಕ್ಕ ಹಾಕುವುದು ವಾಡಿಕೆ. ಆದರೆ ದ್ರಾವಣದಿಂದ ಬಣ್ಣ ಕಾಣೆಯಾಗುವುದಕ್ಕೆ ಬೇರೆ ದಾರಿಗಳೂ ಇವೆ. ಬಣ್ಣದ ಅಣು ಒಡೆಯದೆ ಸುಮ್ಮನೆ ಪುಡಿಯ ಮೈಗೆ ಅಂಟಿಕೊಂಡು ತಳ ಸೇರಿರಬಹುದು. ಇಲ್ಲವೇ ಎಲೆಕ್ಟ್ರಾನು ಪಡೆದು ಬಣ್ಣವಿಲ್ಲದ ಲ್ಯೂಕೊ ರೂಪಕ್ಕೆ ತಿರುಗಿರಬಹುದು. ಗಾಳಿಯ ಆಮ್ಲಜನಕ ತಗುಲಿದರೆ ಅದು ಮತ್ತೆ ನೀಲಿಯಾಗುತ್ತದೆ. ಗ್ಲೂಕೋಸ್ ಮತ್ತು ಕ್ಷಾರದ ದ್ರಾವಣಕ್ಕೆ ಮಿಥಿಲೀನ್ ಬ್ಲೂ ಹಾಕಿ, ಸೀಸೆಯನ್ನು ಕುಲುಕಿದಾಗ ನೀಲಿಯಾಗುವುದನ್ನೂ ಇಟ್ಟಾಗ ಬಣ್ಣ ಮಾಯವಾಗುವುದನ್ನೂ ವಿಜ್ಞಾನ ಪ್ರದರ್ಶನಗಳಲ್ಲಿ ನೋಡಿದವರಿಗೆ ಇದು ಗೊತ್ತೇ ಇರುತ್ತದೆ. ಈ ಕಾರಣಕ್ಕಾಗಿಯೇ ದೀಪ ಹಚ್ಚುವ ಮೊದಲು ದ್ರಾವಣವನ್ನೂ ಪುಡಿಯನ್ನೂ ಅರ್ಧ ಗಂಟೆಯಾದರೂ ಕತ್ತಲೆಯಲ್ಲಿ ಕಲಕಿ, ಅಂಟಿಕೊಳ್ಳುವುದೆಲ್ಲ ಅಂಟಿಕೊಂಡ ಮೇಲೆ ಬೆಳಕು ಬಿಡಬೇಕೆಂಬ ಪದ್ಧತಿಯಿದೆ. ಹುಡುಗ ಕತ್ತಲೆಯಲ್ಲಿ ಕಲಕಿದ್ದು ಹತ್ತು ನಿಮಿಷ. ಆ ಹತ್ತು ನಿಮಿಷದ ಕೊನೆಯಲ್ಲಿ ಹೀರಿಕೆ ಎಷ್ಟಿತ್ತೆಂದು ಅವನು ಬರೆದಿಟ್ಟುಕೊಂಡಿರಲಿಲ್ಲ.

ಇಪ್ಪತ್ತೆರಡು ನಿಮಿಷದ ಮಾತು, ಹದಿನೈದು ಜನ ಸಂಶೋಧನಾ ವಿದ್ಯಾರ್ಥಿಗಳು, ಐವರು ಅಧ್ಯಾಪಕರು, ಅವರ ನಡುವೆ ನಾನು. ನಮ್ಮಲ್ಲಿ ಒಬ್ಬರಿಗೂ ಹೊಳೆಯದ, ಅಥವಾ ಹೊಳೆದರೂ ಬಾಯಿಗೆ ಬಾರದ ಪ್ರಶ್ನೆ ಮೆಟ್ಟಿಲ ಮೇಲೆ ಬಂತು. ಅದು ಸಭಾಂಗಣದೊಳಗೆ ಏಕೆ ಬರಲಿಲ್ಲ ಎಂಬುದು ಅಂದಿನಿಂದ ನನ್ನನ್ನು ಕಾಡುತ್ತಿದೆ.

ಸೆಮಿನಾರ್ ಎಂಬ ಪದ ಲ್ಯಾಟಿನ್ನಿನ ಸೆಮಿನೇರಿಯಂ ಎಂಬುದರಿಂದ ಬಂದದ್ದು. ಅದರ ಅರ್ಥ ಸಸಿಮಡಿ. ನಮ್ಮ ಊರ ಕಡೆ ಒಟ್ಲು ಎನ್ನುತ್ತಾರೆ. ರಾಗಿಯನ್ನೋ ಭತ್ತವನ್ನೋ ಮೊದಲು ಒತ್ತಾಗಿ ಚೆಲ್ಲಿ, ಪೈರು ಗೇಣುದ್ದ ಬಂದ ಮೇಲೆ ಕಿತ್ತು ನಾಟಿ ಮಾಡುವ ಜಾಗ. ಕನ್ನಡದಲ್ಲಿ ನಾವು ಅದಕ್ಕೆ ವಿಚಾರ ಸಂಕಿರಣ ಎಂಬ ಗಂಭೀರವಾದ ಹೆಸರು ಕೊಟ್ಟಿದ್ದೇವೆ. ಹೆಸರಿಗೆ ತಕ್ಕಂತೆ ಬ್ಯಾನರು, ಹೂಗುಚ್ಛ, ಸ್ವಾಗತ ಭಾಷಣ ಎಲ್ಲವೂ ಬಂದು ಸೇರಿದವು. ಒಟ್ಲಿನ ಕೆಸರು ಮಾತ್ರ ಬರಲಿಲ್ಲ.

ರಸಾಯನಶಾಸ್ತ್ರ ವಿಭಾಗದಲ್ಲಿ ಪಿಎಚ್‌ಡಿ ಮಾಡುವವರು ಮೂರು ಬಗೆಯ ಸೆಮಿನಾರುಗಳನ್ನು ದಾಟಬೇಕು. ಮೊದಲನೆಯದು ಬೇರೆಯವರು ಪ್ರಕಟಿಸಿದ ಕೆಲಸವನ್ನು ಓದಿ ವಿವರಿಸುವುದು. ಇದನ್ನು ಲಿಟರೇಚರ್ ಸೆಮಿನಾರ್ ಎನ್ನುತ್ತೇವೆ. ಎರಡನೆಯದು ತನ್ನ ಕೆಲಸ ಎಲ್ಲಿಗೆ ಬಂದಿದೆ ಎಂದು ಸಮಿತಿಯ ಮುಂದೆ ಒಪ್ಪಿಸುವುದು. ಯುಜಿಸಿಯ 2016ರ ನಿಯಮಾವಳಿಯ ಪ್ರಕಾರ ಆರು ತಿಂಗಳಿಗೊಮ್ಮೆ, 2022ರ ನಿಯಮಾವಳಿಯ ಪ್ರಕಾರ ಸೆಮಿಸ್ಟರಿಗೊಮ್ಮೆ ಇದು ನಡೆಯಬೇಕು. ಮೂರನೆಯದು ಪ್ರಬಂಧ ಸಲ್ಲಿಸುವ ಮೊದಲಿನ ಮಂಡನೆ. ಅದಕ್ಕೆ ವಿಭಾಗದ ಎಲ್ಲ ಅಧ್ಯಾಪಕರೂ ವಿದ್ಯಾರ್ಥಿಗಳೂ ಬರಬಹುದು. 2016ರ ನಿಯಮದಲ್ಲಿ ಪ್ರಬಂಧ ಸಲ್ಲಿಸುವ ಮೊದಲು ಕನಿಷ್ಠ ಒಂದು ಲೇಖನ ಪ್ರಕಟವಾಗಿರಬೇಕು, ಎರಡು ಸಮ್ಮೇಳನ ಅಥವಾ ಸೆಮಿನಾರುಗಳಲ್ಲಿ ಪ್ರಬಂಧ ಮಂಡಿಸಿರಬೇಕು ಎಂಬ ಕಡ್ಡಾಯವಿತ್ತು. 2022ರಲ್ಲಿ ಅದನ್ನು ಕೈಬಿಟ್ಟರು. ಆ ಕಡ್ಡಾಯವಿದ್ದ ಕಾಲದಲ್ಲಿ ಪ್ರಮಾಣಪತ್ರಕ್ಕಾಗಿಯೇ ಹುಟ್ಟಿಕೊಂಡ ಸಮ್ಮೇಳನಗಳನ್ನೂ, ಒಂದೇ ಕೋಣೆಯಲ್ಲಿ ತಲಾ ಏಳು ನಿಮಿಷಕ್ಕೆ ಇಪ್ಪತ್ತು ಜನ ಮಾತಾಡಿ ಹೋದದ್ದನ್ನೂ ನೋಡಿದ ನನಗೆ, ಅದು ಹೋದದ್ದಕ್ಕೆ ಬೇಸರವೇನೂ ಇಲ್ಲ.

ಈ ಮೂರರಲ್ಲಿ ಎಲ್ಲರೂ ಹಗುರವಾಗಿ ಕಾಣುವುದು ಮೊದಲನೆಯದನ್ನು. ನನ್ನ ಅನುಭವದಲ್ಲಿ ಹೆಚ್ಚು ಕಲಿಸುವುದು ಅದೇ.

ನನ್ನ ಲಿಟರೇಚರ್ ಸೆಮಿನಾರ್ ನಡೆದದ್ದು 1998ರಲ್ಲಿ. ಆಗ ಪವರ್‌ಪಾಯಿಂಟ್ ನಮ್ಮ ವಿಭಾಗಕ್ಕೆ ಇನ್ನೂ ಬಂದಿರಲಿಲ್ಲ. ಪಾರದರ್ಶಕ ಹಾಳೆಗಳ ಮೇಲೆ ಮಾರ್ಕರಿನಲ್ಲಿ ಬರೆದು ಓಎಚ್‌ಪಿ ಎಂಬ ಹಳೆಯ ಪ್ರೊಜೆಕ್ಟರಿನ ಗಾಜಿನ ಮೇಲಿಡುತ್ತಿದ್ದೆವು. ಹಾಳೆ ದುಬಾರಿ, ಒಬ್ಬರು ಬರೆದದ್ದನ್ನು ಒರೆಸಿ ಇನ್ನೊಬ್ಬರು ಬಳಸುವುದು ರೂಢಿ. ಹಿಂದಿನ ರಾತ್ರಿ ತಪ್ಪಾಗಿ ಬರೆದ ಒಂದು ರಚನೆಯನ್ನು ಅಳಿಸಲು ಪ್ರಯೋಗಾಲಯದ ಅಸಿಟೋನ್ ಸೀಸೆಯನ್ನು ತೆಗೆದುಕೊಂಡು ಹಾಳೆಯ ಮೇಲೆ ಹತ್ತಿ ಆಡಿಸಿದೆ. ಮೊದಲಿನ ಹಾಳೆಗಳು ಪಾಲಿಯೆಸ್ಟರಿನವು, ಅವಕ್ಕೆ ಏನೂ ಆಗುತ್ತಿರಲಿಲ್ಲ. ಇದು ಅಂಗಡಿಯಿಂದ ತಂದ ಅಗ್ಗದ ಸೆಲ್ಯುಲೋಸ್ ಅಸಿಟೇಟ್ ಹಾಳೆ. ಸೆಲ್ಯುಲೋಸ್ ಅಸಿಟೇಟ್ ಅಸಿಟೋನಿನಲ್ಲಿ ಕರಗುತ್ತದೆ ಎಂದು ಪರೀಕ್ಷೆಯಲ್ಲಿ ಬರೆದು ಅಂಕ ಗಳಿಸಿದವಳ ಕಣ್ಣೆದುರಿಗೇ ಹಾಳೆ ಮಂಜಾಗಿ, ಮುದುಡಿ, ಬೆರಳಿಗೆ ಅಂಟಿಕೊಂಡಿತು. ನಾಲ್ಕು ಹಾಳೆಗಳನ್ನು ಮತ್ತೆ ಬರೆಯುವಷ್ಟರಲ್ಲಿ ರಾತ್ರಿ ಎರಡು ಗಂಟೆ.

ನಾನು ಆರಿಸಿಕೊಂಡ ವಿಷಯ ನಾರ್ಬಾರ್ನಿಲ್ ಕ್ಯಾಟಯಾನ್ ವಿವಾದ. ಏಳು ಕಾರ್ಬನ್ನುಗಳ, ಸೇತುವೆಯಿರುವ ಒಂದು ಪುಟ್ಟ ಪಂಜರ. ಅದರಿಂದ ಒಂದು ಗುಂಪು ಹೊರಟುಹೋಗಿ ಧನಾವೇಶ ಉಳಿದಾಗ ಆ ಆವೇಶ ಎಲ್ಲಿರುತ್ತದೆ ಎಂಬುದು ಪ್ರಶ್ನೆ. 1949ರಲ್ಲಿ ಸಾಲ್ ವಿನ್‌ಸ್ಟೈನ್ ಒಂದು ಉತ್ತರ ಕೊಟ್ಟರು: ಪಕ್ಕದ ಕಾರ್ಬನ್-ಕಾರ್ಬನ್ ಬಂಧವೊಂದರ ಎಲೆಕ್ಟ್ರಾನುಗಳು ಬಾಗಿ ಬಂದು ಆವೇಶವನ್ನು ಹಂಚಿಕೊಳ್ಳುತ್ತವೆ, ಮೂರು ಕಾರ್ಬನ್ನುಗಳು ಎರಡೇ ಎಲೆಕ್ಟ್ರಾನುಗಳಲ್ಲಿ ಸಂಸಾರ ಮಾಡುತ್ತವೆ. ಅದೇ ಅಣುವಿನಲ್ಲಿ ಒಂದು ಬದಿಗೆ ಕೂತ ಗುಂಪು ಇನ್ನೊಂದು ಬದಿಗೆ ಕೂತದ್ದಕ್ಕಿಂತ ನೂರಾರು ಪಟ್ಟು ಬೇಗ ಹೊರಟುಹೋಗುವುದು ಅವರ ಮುಖ್ಯ ಸಾಕ್ಷ್ಯಗಳಲ್ಲೊಂದು. ಪರ್ಡ್ಯೂ ವಿಶ್ವವಿದ್ಯಾಲಯದ ಎಚ್.ಸಿ. ಬ್ರೌನ್ ಅವರಿಗೆ ಇದು ಒಪ್ಪಿಗೆಯಾಗಲಿಲ್ಲ. 1960ರ ದಶಕದ ಮೊದಲಿನಿಂದ ಅವರ ವಾದ ಹೀಗಿತ್ತು: ಅಲ್ಲಿರುವುದು ಎರಡು ಸಾಮಾನ್ಯ ಅಯಾನುಗಳು, ಒಂದು ಇನ್ನೊಂದಾಗಿ ಅತಿ ವೇಗವಾಗಿ ಬದಲಾಗುತ್ತಿವೆ, ಜೋಕಾಲಿ ಜೋರಾಗಿ ಆಡುವಾಗ ಅದು ನಡುವೆಯೇ ಇದ್ದಂತೆ ಕಾಣುವ ಹಾಗೆ ನಮಗೆ ಒಂದೇ ಅಯಾನು ಕಾಣುತ್ತಿದೆ. ವಿನ್‌ಸ್ಟೈನ್ 1969ರಲ್ಲಿ ತೀರಿಕೊಂಡರು, ಬ್ರೌನ್ 1979ರಲ್ಲಿ ಬೇರೆ ಕೆಲಸಕ್ಕಾಗಿ ನೊಬೆಲ್ ಪಡೆದರು, ವಿವಾದ ಮಾತ್ರ ನಡೆಯುತ್ತಲೇ ಇತ್ತು. ನಮ್ಮ ಸಿ.ಎನ್.ಆರ್. ರಾವ್ ಅವರು ಮೈಸೂರು, ಬನಾರಸ್ ಮುಗಿಸಿ 1958ರಲ್ಲಿ ಪಿಎಚ್‌ಡಿ ಪಡೆದದ್ದೂ ಬ್ರೌನ್ ಇದ್ದ ಆ ಪರ್ಡ್ಯೂವಿನಲ್ಲೇ ಎಂಬುದನ್ನು ನನ್ನ ಮೊದಲ ಹಾಳೆಯಲ್ಲಿ ಅಭಿಮಾನದಿಂದ ಬರೆದಿದ್ದೆ. ರಾವ್ ಅವರ ಕೆಲಸಕ್ಕೂ ಈ ವಿವಾದಕ್ಕೂ ಸಂಬಂಧವಿಲ್ಲದಿದ್ದರೂ.

ಇಬ್ಬರ ವಾದಗಳನ್ನೂ ಸಮವಾಗಿ ಹಂಚಿ, ಮುಕ್ಕಾಲು ಗಂಟೆ ಮಾತಾಡಿ, ಒಳ್ಳೆಯ ಮದುವೆ ಮಾತುಕತೆ ಮುಗಿಸಿದ ಸಮಾಧಾನದಲ್ಲಿ ನಿಂತಿದ್ದೆ. ಮುಂದಿನ ಸಾಲಿನಲ್ಲಿ ಕುಳಿತಿದ್ದ, ನಿವೃತ್ತಿಗೆ ಹತ್ತಿರವಾಗಿದ್ದ ಪ್ರಾಧ್ಯಾಪಕರು ಕನ್ನಡಕ ತೆಗೆದು ಕೇಳಿದರು: "ಈಗ ನೀನು ಯಾರ ಕಡೆಯಮ್ಮಾ?"

"ಇಬ್ಬರ ವಾದದಲ್ಲೂ ಸತ್ಯವಿದೆ ಸರ್" ಎಂದೆ. ಸಭೆ ನಕ್ಕಿತು.

ಅವರು ನಗಲಿಲ್ಲ. "ಪಂಚಾಯ್ತಿ ಮಾಡೋದಕ್ಕೆ ನಿನ್ನ ಕರೆದಿಲ್ಲ. ಬ್ರೌನ್ ಹೇಳೋದು ಸುಳ್ಳು ಅಂತ ತೋರಿಸಬೇಕಾದರೆ ಯಾವ ಪ್ರಯೋಗ ಮಾಡ್ತೀಯ? ಅದನ್ನು ಹೇಳು" ಎಂದರು.

ನನಗೆ ಹೊಳೆಯಲಿಲ್ಲ. ಸೀಮೆಸುಣ್ಣ ಹಿಡಿದು ಹಲಗೆಯ ಮುಂದೆ ನಿಂತೆ. ಒಂದು ನಿಮಿಷವಿರಬಹುದು, ನನಗೆ ಒಂದು ಗಂಟೆಯಂತಿತ್ತು. ಅವರೇ ಒಂದೊಂದಾಗಿ ಎಳೆ ಬಿಡಿಸಿದರು. ಜೋಕಾಲಿ ಆಡುತ್ತಿದ್ದರೆ ಅದನ್ನು ನಿಧಾನ ಮಾಡುವುದು ಹೇಗೆ? ತಣ್ಣಗೆ ಮಾಡಬೇಕು. ಎಷ್ಟು ತಣ್ಣಗೆ? ಸಾಧ್ಯವಾದಷ್ಟು. ತಣ್ಣಗಾದ ಮೇಲೆ ಬ್ರೌನ್ ಸರಿಯಾಗಿದ್ದರೆ ಏನು ಕಾಣಬೇಕು, ವಿನ್‌ಸ್ಟೈನ್ ಸರಿಯಾಗಿದ್ದರೆ ಏನು? ಅಷ್ಟು ಹೊತ್ತಿಗೆ ನನಗೂ ದಾರಿ ಕಂಡಿತ್ತು. ಕಾರ್ಬನ್ ಎನ್‌ಎಂಆರ್‌ನಲ್ಲಿ (ಬಲವಾದ ಕಾಂತದೊಳಗಿಟ್ಟು, ಬೇರೆ ಬೇರೆ ಜಾಗದ ಪರಮಾಣುಗಳನ್ನು ಬೇರೆ ಬೇರೆ ಗೆರೆಗಳಾಗಿ ತೋರಿಸುವ ಅಳತೆ ಅದು) ಜೋಕಾಲಿ ನಿಂತರೆ ಎರಡು ಕಾರ್ಬನ್ನುಗಳ ಗೆರೆಗಳು ಬೇರೆಯಾಗಬೇಕು, ಇಲ್ಲದಿದ್ದರೆ ಒಂದೇ ಆಗಿ ಉಳಿಯಬೇಕು ಎಂದೆ. "ಹ್ಞಾಂ, ಅದನ್ನು ಯಾರೋ ಮಾಡಿದ್ದಾರೆ, ಹೋಗಿ ಹುಡುಕು" ಎಂದು ಕನ್ನಡಕ ಹಾಕಿಕೊಂಡರು. ಗ್ರಂಥಾಲಯದಲ್ಲಿ ಕೆಮಿಕಲ್ ಅಬ್‌ಸ್ಟ್ರಾಕ್ಟ್ಸ್‌ನ ದಪ್ಪ ಸಂಪುಟಗಳನ್ನು ನಾಲ್ಕು ದಿನ ತಿರುವಿಹಾಕಿದಾಗ 1982ರ ಲೇಖನ ಸಿಕ್ಕಿತು. ಅಯಾನನ್ನು ಘನರೂಪದಲ್ಲಿ ಹಿಡಿದು 5 ಕೆಲ್ವಿನ್‌ವರೆಗೆ, ಅಂದರೆ ಸೊನ್ನೆಗಿಂತ 268 ಡಿಗ್ರಿ ಸೆಲ್ಸಿಯಸ್ ಕೆಳಗೆ ತಣಿಸಿ ನೋಡಿದ್ದರು, ಗೆರೆಗಳು ಬೇರೆಯಾಗಿರಲಿಲ್ಲ. ಕೊನೆಗೆ 2013ರಲ್ಲಿ ಅದರ ಸ್ಫಟಿಕವನ್ನೇ 40 ಕೆಲ್ವಿನ್‌ನಲ್ಲಿ ಎಕ್ಸ್-ರೇ ಹಾಯಿಸಿ ನೋಡಿದ ಲೇಖನ ಬಂದಾಗ, ವಿನ್‌ಸ್ಟೈನ್ ಬರೆದಿದ್ದ ಸೇತುವೆ ಅಲ್ಲಿತ್ತು. 1949ರಿಂದ 2013ಕ್ಕೆ ಅರವತ್ತನಾಲ್ಕು ವರ್ಷ. ಆ ಲೇಖನ ಓದಿದ ದಿನ ನನಗೆ ನೆನಪಾದದ್ದು ವಿನ್‌ಸ್ಟೈನೂ ಅಲ್ಲ, ಬ್ರೌನೂ ಅಲ್ಲ. ಕನ್ನಡಕ ಕೈಯಲ್ಲಿ ಹಿಡಿದು ಕೂತಿದ್ದ ಆ ಪ್ರಾಧ್ಯಾಪಕರು. ಅವರು ಆಗ ಇರಲಿಲ್ಲ.

ಎರಡನೆಯ ಬಗೆಯ ಸೆಮಿನಾರಿನಲ್ಲಿ ನನಗೆ ಆದದ್ದು ಇದಕ್ಕಿಂತ ಕಟುವಾಗಿತ್ತು. ಒಂದು ಬೆಂಜೈಲ್ ಆಲ್ಕೋಹಾಲಿನ ಮಾದರಿಯ ಸಂಯುಕ್ತಕ್ಕೆ ಮಿಥೈಲ್ ಅಯೋಡೈಡ್ ಸೇರಿಸಿ ಅದರ ಮಿಥೈಲ್ ಈಥರ್ ಮಾಡಿದ್ದೇನೆ ಎಂದು ನಂಬಿದ್ದೆ. ಮಿಶ್ರಣದ ಸಂಯುಕ್ತಗಳನ್ನು ಬೇರೆ ಬೇರೆ ಚುಕ್ಕೆಗಳಾಗಿ ಬಿಡಿಸುವ ಟಿಎಲ್‌ಸಿ ಪ್ಲೇಟಿನ ಮೇಲೆ ಹೊಸ ಚುಕ್ಕೆ ಸ್ಪಷ್ಟವಾಗಿ ಕಂಡಿರಲಿಲ್ಲ, ಆದರೂ ಕಂಡಿತೆಂದು ಮನಸ್ಸಿಗೆ ಹೇಳಿಕೊಂಡಿದ್ದೆ. ನಮ್ಮಲ್ಲಿ ಎನ್‌ಎಂಆರ್ ಯಂತ್ರವಿರಲಿಲ್ಲ. ಪುಟ್ಟ ಸೀಸೆಯಲ್ಲಿ ಹತ್ತು ಮಿಲಿಗ್ರಾಂ ಹಾಕಿ, ಹೆಸರು ಬರೆದು, ಬೇರೆ ಊರಿಗೆ ಕಳುಹಿಸಿದರೆ ಕಾಗದದ ಸುರುಳಿ ಅಂಚೆಯಲ್ಲಿ ಬರುತ್ತಿತ್ತು. ಬಂದ ಸುರುಳಿಯಲ್ಲಿ 3.33 ಪಿಪಿಎಂ ಜಾಗದಲ್ಲಿ ದೊಡ್ಡದೊಂದು ಗೆರೆ ಎದ್ದು ನಿಂತಿತ್ತು. ಮೆಥಾಕ್ಸಿ ಗುಂಪು ಅಲ್ಲೇ ಎಲ್ಲೋ ಬರಬೇಕಾದದ್ದು. ನನ್ನ ಸಂತೋಷಕ್ಕೆ ಪಾರವಿರಲಿಲ್ಲ.

ಅದನ್ನು ಪರದೆಯ ಮೇಲೆ ತೋರಿಸಿ ಬಾಣದ ಗುರುತು ಹಾಕಿ ವಿವರಿಸುತ್ತಿದ್ದಾಗ, ಹಿಂದಿನಿಂದ ಒಬ್ಬ ಸೀನಿಯರ್ ಕೇಳಿದರು: "ಆ ಗೆರೆಗೆ ಇಂಟಿಗ್ರೇಷನ್ ಎಷ್ಟು ಬಂದಿದೆ?"

ಇಂಟಿಗ್ರೇಷನ್ ಎಂದರೆ ಗೆರೆಯ ಕೆಳಗಿನ ವಿಸ್ತೀರ್ಣ, ಅದು ಎಷ್ಟು ಪ್ರೋಟಾನುಗಳದೆಂದು ತಿಳಿಸುವ ಲೆಕ್ಕ. "ನಾಲ್ಕೂವರೆ" ಎಂದೆ.

"ಮೆಥಾಕ್ಸಿಗೆ ಮೂರು ಪ್ರೋಟಾನ್. ಮಿಕ್ಕ ಒಂದೂವರೆ ಯಾರ ಮನೆಯದು?"

ನಾನು ತೇವಾಂಶವಿರಬಹುದು ಎಂದೆ. "ಸಾಲ್ವೆಂಟ್ ಯಾವುದು?" "ಡಿಎಂಎಸ್‌ಒ." ಅವರು ಮತ್ತೇನೂ ಹೇಳಬೇಕಾಗಿರಲಿಲ್ಲ. ಡ್ಯೂಟೀರಿಯಂ ಡಿಎಂಎಸ್‌ಒದಲ್ಲಿ ನೀರಿನ ಗೆರೆ ಬರುವುದು ಸರಿಯಾಗಿ 3.33ರಲ್ಲಿ. ಆ ದ್ರಾವಕ ಗಾಳಿಯ ತೇವವನ್ನು ಹೀರದೆ ಬಿಡುವುದಿಲ್ಲ. ನಾನು ಬಾಣ ಹಾಕಿ ತೋರಿಸಿದ್ದು ನೀರನ್ನು. ಅಷ್ಟಕ್ಕೇ ಮುಗಿಯಲಿಲ್ಲ. "ಆ 5.2ರಲ್ಲಿರೋ ಚಿಕ್ಕ ಟ್ರಿಪ್ಲೆಟ್ ಏನದು?" ಎಂದರು. ಕಲ್ಮಶ ಎಂದು ನಾನು ಅಡ್ಡಗೆರೆ ಹಾಕಿ ಬಿಟ್ಟಿದ್ದೆ. ಡಿಎಂಎಸ್‌ಒದಲ್ಲಿ ಆಲ್ಕೋಹಾಲಿನ ಹೈಡ್ರಾಕ್ಸಿಲ್ ಪ್ರೋಟಾನ್ ಕೈ ಬದಲಾಯಿಸುವುದು ನಿಧಾನ, ಹಾಗಾಗಿ ಅದು ಪಕ್ಕದ ಎರಡು ಪ್ರೋಟಾನುಗಳ ಪ್ರಭಾವದಿಂದ ಮೂರಾಗಿ ಸೀಳಿ ಅಲ್ಲಿ ಕಾಣುತ್ತದೆ. ಅಂದರೆ ನಾನು ಹಾಕಿದ ಆಲ್ಕೋಹಾಲ್ ಹಾಕಿದ ಹಾಗೆಯೇ ವಾಪಸ್ ಬಂದಿತ್ತು. ಅದು ತನ್ನ ಹೆಸರನ್ನು ತಾನೇ ಹೇಳುತ್ತಿದ್ದರೂ ಅದನ್ನು ಕಲ್ಮಶವೆಂದು ಕರೆದು, ನೀರನ್ನು ನನ್ನ ಕೂಸು ಎಂದು ಎತ್ತಿಕೊಂಡಿದ್ದೆ.

ಆ ದಿನ ಹಾಸ್ಟೆಲ್ ಕೋಣೆಗೆ ಹೋಗಿ ಅತ್ತೆ. ಸಿಟ್ಟು ಬಂದದ್ದು ಸೀನಿಯರ್ ಮೇಲೆ. ಮೂರನೆಯ ದಿನ ಅವರೇ ಒಂದು ಜೆರಾಕ್ಸ್ ಹಾಳೆ ತಂದು ನನ್ನ ಬೆಂಚಿನ ಮೇಲಿಟ್ಟರು: ಸಾಮಾನ್ಯ ದ್ರಾವಕಗಳು ಕಲ್ಮಶವಾಗಿ ಸೇರಿದಾಗ ಅವುಗಳ ಎನ್‌ಎಂಆರ್ ಗೆರೆ ಎಲ್ಲೆಲ್ಲಿ ಬರುತ್ತದೆ ಎಂಬ, 1997ರಲ್ಲಿ ಜರ್ನಲ್ ಆಫ್ ಆರ್ಗ್ಯಾನಿಕ್ ಕೆಮಿಸ್ಟ್ರಿಯಲ್ಲಿ ಬಂದ ಕೋಷ್ಟಕ. ಇವತ್ತಿಗೂ ಜಗತ್ತಿನ ಎಷ್ಟೋ ಪ್ರಯೋಗಾಲಯಗಳ ಗೋಡೆಯ ಮೇಲೆ ಆ ಕೋಷ್ಟಕ ಅಂಟಿಕೊಂಡಿದೆ. ನನ್ನದು ಹಳದಿಯಾಗಿದೆ, ಮೂಲೆ ಹರಿದಿದೆ, ಬದಲಾಯಿಸಿಲ್ಲ. ಆ ಪ್ರಶ್ನೆಯನ್ನು ಅವರು ಸಭೆಯಲ್ಲಿ ಕೇಳದೆ ಬಿಟ್ಟಿದ್ದರೆ ನಾನು ನೀರಿನ ಗೆರೆಯ ಮೇಲೆ ಒಂದು ಅಧ್ಯಾಯವನ್ನೇ ಕಟ್ಟುತ್ತಿದ್ದೆ.

ಹಾಗಾದರೆ ಈಗ ಪ್ರಶ್ನೆಗಳೇಕೆ ಬರುವುದಿಲ್ಲ? ವಿದ್ಯಾರ್ಥಿಗಳಿಗೆ ಆಸಕ್ತಿಯಿಲ್ಲ ಎಂದು ಸಹೋದ್ಯೋಗಿಗಳು ಹೇಳುವುದನ್ನು ನಾನು ಒಪ್ಪುವುದಿಲ್ಲ. ಮೆಟ್ಟಿಲ ಮೇಲೆ ಕೇಳಿದವಳು ವಿದ್ಯಾರ್ಥಿನಿಯೇ. ಮೊದಲ ಕಾರಣ, ನಮ್ಮಲ್ಲಿ ಮಾತಾಡಿದವನಿಗೆ ಹಾಕಿದ ಪ್ರಶ್ನೆ ಅವನ ಗೈಡಿಗೆ ಹಾಕಿದ ಪ್ರಶ್ನೆಯಾಗಿಬಿಡುತ್ತದೆ. ಇಬ್ಬರು ಅಧ್ಯಾಪಕರ ನಡುವೆ ಮುನಿಸಿದ್ದರೆ ಅದರ ಬಿಸಿ ತಟ್ಟುವುದು ಪರದೆಯ ಮುಂದೆ ನಿಂತ ವಿದ್ಯಾರ್ಥಿಗೆ. ಕೆಲವು ವರ್ಷಗಳ ಹಿಂದೆ ಬೇರೊಂದು ಕಡೆ ಇಂಥ ಮುಯ್ಯಿಗೆ ಸಿಕ್ಕಿದ ಹುಡುಗಿಯೊಬ್ಬಳು ಅರ್ಧ ಗಂಟೆ ನಿಂತಲ್ಲೇ ನಿಂತು, ಉತ್ತರ ಕೊಡಲಾಗದೆ, ನೀರು ಕುಡಿಯುವ ನೆಪದಲ್ಲಿ ಹೊರಗೆ ಹೋದವಳು ಮರಳಿ ಒಳಗೆ ಬರಲಿಲ್ಲ. ಅದನ್ನು ಕಂಡ ಹದಿನೈದು ಜನ ಮುಂದೆ ಯಾರನ್ನಾದರೂ ಪ್ರಶ್ನೆ ಕೇಳುತ್ತಾರೆಯೇ? ಹೀಗಾಗಿ ಒಂದು ಅಲಿಖಿತ ಒಪ್ಪಂದವಾಗಿದೆ: ನನ್ನ ಸರದಿಯಲ್ಲಿ ನೀನು ಸುಮ್ಮನಿರು, ನಿನ್ನ ಸರದಿಯಲ್ಲಿ ನಾನೂ ಸುಮ್ಮನಿರುತ್ತೇನೆ. ಅಧ್ಯಾಪಕರೂ ಇದಕ್ಕೆ ಮೌನವಾಗಿ ಸಹಿ ಹಾಕಿದ್ದೇವೆ.

ಎರಡನೆಯದು ಭಾಷೆ. ನಮ್ಮಲ್ಲಿಗೆ ಬರುವವರಲ್ಲಿ ಬಹಳಷ್ಟು ಜನ ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರು. ಸ್ಲೈಡಿನ ಮೇಲಿನದನ್ನು ಇಂಗ್ಲಿಷಿನಲ್ಲಿ ಓದಬಲ್ಲರು, ಬಾಯಿಪಾಠ ಮಾಡಿದ್ದನ್ನು ಒಪ್ಪಿಸಬಲ್ಲರು. ಎದ್ದು ನಿಂತು, ಆಗಷ್ಟೇ ಹುಟ್ಟಿದ ಅನುಮಾನವೊಂದನ್ನು ಇಂಗ್ಲಿಷಿನಲ್ಲಿ ಜೋಡಿಸುವಷ್ಟರಲ್ಲಿ ಸಭೆ ಎದ್ದಿರುತ್ತದೆ. ಪುಡಿಯ ಬಣ್ಣ ಏನಿತ್ತು ಎಂಬುದು ಮೂರು ಪದ. ಅದನ್ನು ಕೇಳುವುದಕ್ಕೆ ವ್ಯಾಕರಣದ ಭಯ ಪಡಬೇಕಾದ ಸ್ಥಿತಿಯನ್ನು ತಂದಿಟ್ಟವರು ನಾವು.

ಮೂರನೆಯದು ವಿಷಯಕ್ಕೆ ಸಂಬಂಧಿಸಿದ್ದು, ಇದನ್ನು ಹೇಳಿದರೆ ಕೆಲವರಿಗೆ ನೋವಾಗಬಹುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆ.ಸಿ. ಪಾಟೀಲರ ತಂಡ 1988ರಲ್ಲಿ ಒಂದು ಸೊಗಸಾದ ವಿಧಾನವನ್ನು ಪ್ರಕಟಿಸಿತು. ಲೋಹದ ನೈಟ್ರೇಟಿಗೆ ಯೂರಿಯಾದಂಥ ಇಂಧನವನ್ನು ಬೆರೆಸಿ, 500 ಡಿಗ್ರಿಗೆ ಕಾಯಿಸಿದ ಕುಲುಮೆಯೊಳಗೆ ಇಟ್ಟರೆ ಮಿಶ್ರಣ ಕುದಿದು, ನೊರೆಯೆದ್ದು, ಹೊತ್ತಿಕೊಂಡು, ಐದು ನಿಮಿಷದೊಳಗೆ ನಯವಾದ ಆಕ್ಸೈಡ್ ಪುಡಿ ಸಿದ್ಧ. ದುಬಾರಿ ಉಪಕರಣ ಬೇಕಿಲ್ಲದ ಈ ವಿಧಾನ ನಮ್ಮಂಥ ವಿಭಾಗಗಳಿಗೆ ಸಂಶೋಧನೆಯ ಬಾಗಿಲು ತೆರೆಯಿತು, ಅದು ಸಣ್ಣ ಉಪಕಾರವಲ್ಲ. ಆದರೆ ಆಮೇಲೆ ಯೂರಿಯಾದ ಜಾಗಕ್ಕೆ ಹೊಂಗೆ ಸೊಪ್ಪಿನ ರಸ ಬಂತು, ತುಳಸಿ ಬಂತು, ನಿಂಬೆಹಣ್ಣು ಬಂತು, ಒಮ್ಮೆ ಹಲಸಿನ ತೊಳೆಯೂ ಬಂತು. ಪುಡಿಯ ಮುಂದೆ ಇಟ್ಟದ್ದು ಮಾತ್ರ ಅದೇ ಮಿಥಿಲೀನ್ ಬ್ಲೂ. ಹತ್ತು ಸೆಮಿನಾರುಗಳ ಸ್ಲೈಡುಗಳನ್ನು ಕಲೆಸಿ ಹಂಚಿದರೆ ಯಾರದು ಯಾವುದೆಂದು ಬರೆದವರಿಗೂ ತಿಳಿಯಲಾರದು. ಉತ್ತರ ಮೊದಲೇ ಗೊತ್ತಿರುವ ಕಡೆ ಪ್ರಶ್ನೆ ಎಲ್ಲಿಂದ ಹುಟ್ಟಬೇಕು ಎಂದು ಅಂದುಕೊಂಡಿದ್ದೆ. ಆ ಹುಡುಗಿ ನನ್ನ ಈ ಜಾಣತನವನ್ನೂ ಮೆಟ್ಟಿಲ ಮೇಲೆ ಸುಳ್ಳು ಮಾಡಿದಳು. ಸವೆದ ವಿಷಯದಲ್ಲೂ ಕಣ್ಣಿಟ್ಟು ನೋಡಿದರೆ ಪ್ರಶ್ನೆಯಿತ್ತು.

ಹಾರ್ವರ್ಡಿನ ಆರ್.ಬಿ. ವುಡ್‌ವರ್ಡ್ ಅವರ ಗುರುವಾರದ ಸೆಮಿನಾರುಗಳು ಸಂಜೆ ಶುರುವಾಗಿ ರಾತ್ರಿ ಬಹಳ ಹೊತ್ತು ನಡೆಯುತ್ತಿದ್ದವಂತೆ; ಅವರು ಸ್ಲೈಡು ಬಳಸದೆ ಬಣ್ಣಬಣ್ಣದ ಸೀಮೆಸುಣ್ಣದಲ್ಲಿ ಹಲಗೆಯ ಮೇಲೆ ಅಣುಗಳನ್ನು ಬಿಡಿಸುತ್ತ ಮೂರು-ನಾಲ್ಕು ಗಂಟೆ ಮಾತಾಡುತ್ತಿದ್ದದ್ದು ರಸಾಯನಶಾಸ್ತ್ರಜ್ಞರ ನಡುವೆ ಪ್ರಸಿದ್ಧ. ನಾವು ಅಷ್ಟು ಹೊತ್ತು ಕೂರಲಾರೆವು, ಒಂದು ಗಂಟೆಗೆ ಬಸ್ಸಿದೆ. ಆದರೆ ಹಲಗೆಯ ಮೇಲೆ ಕೈಯಲ್ಲಿ ಬಿಡಿಸುವುದಕ್ಕೆ ಒಂದು ಗುಣವಿದೆ. ಬರೆಯುವವನ ವೇಗವೂ ಕೇಳುವವನ ತಿಳಿವಿನ ವೇಗವೂ ಹತ್ತಿರ ಹತ್ತಿರ ಇರುತ್ತವೆ. ಬಾಣ ಎಲ್ಲಿಂದ ಹೊರಟು ಎಲ್ಲಿಗೆ ಹೋಯಿತು ಎಂಬುದು ಕೈ ನಡುಗಿದರೂ ಕಾಣುತ್ತದೆ. ಸ್ಲೈಡಿನಲ್ಲಿ ಎಲ್ಲವೂ ಒಮ್ಮೆಗೇ ಹುಟ್ಟಿ ಒಮ್ಮೆಗೇ ಸಾಯುತ್ತದೆ.

ಆ ಶನಿವಾರದ ಮೇಲೆ ಮೂರು ಕಟ್ಟಳೆ ಮಾಡಿದೆ. ಮೊದಲ ಹತ್ತು ನಿಮಿಷ ಪ್ರೊಜೆಕ್ಟರ್ ಇಲ್ಲ, ಹಲಗೆ ಮಾತ್ರ. ಮೊದಲ ಮೂರು ಪ್ರಶ್ನೆಗಳು ವಿದ್ಯಾರ್ಥಿಗಳವು, ಅಲ್ಲಿಯವರೆಗೆ ಅಧ್ಯಾಪಕರು ಬಾಯಿ ತೆರೆಯುವಂತಿಲ್ಲ. ಪ್ರಶ್ನೆಯೂ ಉತ್ತರವೂ ಕನ್ನಡದಲ್ಲಿರಬಹುದು. ಎರಡನೆಯ ಕಟ್ಟಳೆಗೆ ಅಧ್ಯಾಪಕರ ಕೋಣೆಯಲ್ಲಿ ಗೊಣಗಾಟವಾಯಿತು. ಮೂರನೆಯದಕ್ಕೆ, ಹೊರಗಿನ ಪರೀಕ್ಷಕರು ಬಂದಾಗ ಇವರು ಏನು ಮಾಡುತ್ತಾರೆ ಎಂದು ಒಬ್ಬರು ಕೇಳಿದರು. ಕೇಳಬೇಕಾದ ಮಾತೇ ಅದು, ನನ್ನ ಬಳಿ ಪೂರ್ತಿ ಉತ್ತರವಿಲ್ಲ. ಮೊದಲು ಅನುಮಾನ ಹುಟ್ಟಲಿ, ಆಮೇಲೆ ಅದಕ್ಕೆ ಇಂಗ್ಲಿಷ್ ಕಲಿಸೋಣ ಎಂದೆ. ಮೊದಲ ವಾರ ಮೂರು ಪ್ರಶ್ನೆಗಳಿಗಾಗಿ ಹನ್ನೊಂದು ನಿಮಿಷ ಕಾದೆವು. ಬಂದವುಗಳಲ್ಲಿ ಎರಡು ಕಾಟಾಚಾರದವು, ಕುಲುಮೆಯ ಕಂಪನಿ ಯಾವುದು ಎಂಬುದೂ ಅವುಗಳಲ್ಲೊಂದು.

ನೀಲಿ ಪುಡಿಯ ಹುಡುಗ ಆ ವಾರದ ನಡುವೆ ನನ್ನ ಕೋಣೆಗೆ ಬಂದ. ಮುಂದಿನ ತಿಂಗಳ ಸಮಿತಿಯ ಮುಂದೆ ಆ ಭಾಗವನ್ನು ಬಿಟ್ಟುಬಿಡಲೇ ಎಂದು ಕೇಳಿದ. ಗೈಡ್ ಏನೆಂದರು ಎಂದೆ. ಇನ್ನೂ ಹೇಳಿಲ್ಲ ಎಂದ. ಮೊದಲು ಅವರಿಗೆ ಹೇಳಿ, ಕತ್ತಲೆಯ ಪ್ರಯೋಗ ಸರಿಯಾಗಿ ಮಾಡಿ, ಬಂದದ್ದನ್ನು ಈ ಶನಿವಾರ ಹಲಗೆಯ ಮೇಲೆ ಬರೆ, ಪುಡಿಯನ್ನೂ ತಾ ಎಂದೆ. ಅವನ ಗೈಡಿಗೆ ಕೋಪ ಬರಬಹುದೆಂದು ನನಗೂ ಅಳುಕಿತ್ತು. ಅವರು ನನಗೆ ಫೋನ್ ಮಾಡಿ, "ಮೇಡಂ, ನಾನೂ ಆ ಟ್ಯೂಬ್ ನೋಡಿದ್ದೆ, ಬಣ್ಣ ನೋಡಿರಲಿಲ್ಲ" ಎಂದಷ್ಟೇ ಹೇಳಿದರು.

ಮೊನ್ನೆ ಶನಿವಾರ ಅವನು ಹಲಗೆಯ ಮೇಲೆ ಎರಡು ಗೆರೆ ಎಳೆದ, ಒಂದು ಬೆಳಕಿನದು, ಇನ್ನೊಂದು ಕತ್ತಲೆಯದು. ದೀಪವೇ ಇಲ್ಲದೆ ಒಂದು ಗಂಟೆ ಕಲಕಿದ ದ್ರಾವಣದಲ್ಲಿ ಹೀರಿಕೆ ಅರ್ಧಕ್ಕಿಂತ ಕೆಳಗಿಳಿದಿತ್ತು. ಶೇಕಡ 94ರಲ್ಲಿ ಹೆಚ್ಚಿನ ಪಾಲು ಬೆಳಕಿನ ಕೆಲಸವಲ್ಲ ಎಂದು ಅವನೇ ಹೇಳಿದ, ಇಂಗ್ಲಿಷಿನಲ್ಲಿ ಶುರುಮಾಡಿ ಅರ್ಧಕ್ಕೆ ಕನ್ನಡಕ್ಕೆ ಹೊರಳಿ. ಆಮೇಲೆ ಜೇಬಿನಿಂದ ಪುಟ್ಟ ಸೀಸೆ ತೆಗೆದು ಮೊದಲ ಬೆಂಚಿಗೆ ಕೊಟ್ಟ. ಆಕಾಶನೀಲಿಯ ಒಂದು ಚಿಟಿಕೆ ಪುಡಿ ಕೈಯಿಂದ ಕೈಗೆ ದಾಟುತ್ತ ಹಿಂದೆ ಹೋಯಿತು. ಹಾಜರಿ ಪುಸ್ತಕವನ್ನು ಯಾರೂ ಅಷ್ಟು ಹೊತ್ತು ಕೈಯಲ್ಲಿ ಹಿಡಿದದ್ದನ್ನು ನಾನು ಕಂಡಿಲ್ಲ.

ಮೂರನೆಯ ಬೆಂಚಿನಲ್ಲಿ ಸೀಸೆ ನಿಂತಿತು. ಆ ಹುಡುಗಿ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ, ಕೂತಲ್ಲಿಂದಲೇ ಕೇಳಿದಳು: "ಇದನ್ನು ಎಥನಾಲ್‌ನಲ್ಲಿ ತೊಳೆದರೆ ನೀಲಿ ಬಿಡುತ್ತಾ? ಬಿಟ್ಟರೆ ಎಷ್ಟು ಅಂತ ಅಳೆಯಬಹುದಲ್ವಾ?"

"ತೊಳೆದಿಲ್ಲ" ಎಂದ. "ಸೋಮವಾರ ತೊಳೀತೀನಿ."